ಗುರುವಾರದ ಪ್ಲೇಟುಗಳು

ಪುಣೆಯಲ್ಲಿ ಗುರುವಾರ ಕರೆಂಟು ಹೋಗುತ್ತಿತ್ತು. ಇದನ್ನು ದೂರು ಎಂದು ಬರೆಯುತ್ತಿಲ್ಲ. ಏಕಾದಶಿಯ ದಿನ ಊಟವಿಲ್ಲ ಎನ್ನುವಷ್ಟೇ ಸಹಜವಾಗಿ ಬರೆಯುತ್ತಿದ್ದೇನೆ. ವಾರಕ್ಕೊಂದು ದಿನ ತಂತಿ ಕಂಬಗಳ ರಿಪೇರಿ, ಆ ದಿನ ಗುರುವಾರ, ಬೆಳಿಗ್ಗೆ ಹೋದದ್ದು ಸಂಜೆಗೆ ಬಂದರೆ ಬಂತು. ಊರಿನ ಕಾರಖಾನೆಗಳು ಅದಕ್ಕೆ ತಕ್ಕಂತೆ ಗುರುವಾರವೇ ರಜೆ ಇಟ್ಟುಕೊಂಡಿದ್ದವು. ಆಸ್ಪತ್ರೆಗೆ ಹಾಗೆ ರಜೆ ಕೊಡಲು ಬರುವುದಿಲ್ಲ, ರೋಗಿಗಳು ಒಪ್ಪುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಒಂದು ಜನರೇಟರ್ ಇತ್ತು. ಅದು ಆಪರೇಶನ್ ಥಿಯೇಟರಿಗೆ, ಐಸಿಯುಗೆ ಮತ್ತು ಟ್ರಸ್ಟಿಗಳ ಕೋಣೆಯ ಫ್ಯಾನಿಗೆ ಮೀಸಲು. ಹಿತ್ತಲ ಕಡೆಯ ನಮ್ಮ ಸೂಕ್ಷ್ಮಜೀವಿ ಲ್ಯಾಬು ಅದರ ಕೃಪಾದೃಷ್ಟಿಯ ಆಚೆಗಿತ್ತು.

ನಾನು ಧಾರವಾಡದ ಕಡೆಯವನು. ಡಾಕ್ಟರಿಕೆ ಓದಿ, ರೋಗಿಗಳ ಜೊತೆ ಮಾತಾಡುವ ಸಂಕೋಚಕ್ಕೆ ರೋಗಾಣುಗಳನ್ನು ಆರಿಸಿಕೊಂಡವನು. ಅವು ಎದುರು ಮಾತಾಡುವುದಿಲ್ಲ ಎಂಬುದು ಆಗಿನ ನನ್ನ ತಿಳಿವಳಿಕೆ. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಲ್ಯಾಬಿನಲ್ಲಿ ಎರಡನೆಯವ. ಮೊದಲನೆಯವರು ನಮ್ಮ ಸರ್. ಮರಾಠಿಯವರು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು. ಒಂದು ಸಹಿ ಮಾಡಲಿಕ್ಕೆ. ಇನ್ನೊಂದು, ಯಾರಾದರೂ ಪೆನ್ನು ಕೇಳಿದರೆ ಇಲ್ಲ ಎನ್ನಬಾರದಲ್ಲ, ಅದಕ್ಕೆ. ಅದರಲ್ಲಿ ಶಾಯಿ ಇರುತ್ತಿರಲಿಲ್ಲ.

ಸರ್ ಅವರ ರಾಜ್ಯದ ಗರ್ಭಗುಡಿ ಎಂದರೆ ಇನ್‌ಕ್ಯುಬೇಟರ್. ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ ರೋಗಾಣುಗಳಿಗೆ ಕಾವು ಕೊಟ್ಟು ಬೆಳೆಸುವ, ಆಳೆತ್ತರದ ಪೆಟ್ಟಿಗೆ ಅದು. ಒಳಗೆ ಮೂವತ್ತೇಳು ಡಿಗ್ರಿ, ಅಂದರೆ ಮನುಷ್ಯನ ಮೈ ಬಿಸಿ. ಅದನ್ನು ಯಾರೂ ಅಲುಗಿಸಬಾರದೆಂದು ಸರ್ ತಿರುಗಿಸುವ ನಾಬಿನ ಮೇಲೆ ಸ್ವಹಸ್ತದಿಂದ ಅಂಟುಪಟ್ಟಿ ಬಡಿದಿದ್ದರು, ಗಾಯಕ್ಕೆ ಹಾಕುತ್ತಾರಲ್ಲ, ಅದೇ ಬಿಳಿ ಪಟ್ಟಿ. ದಸರೆಗೆ ಲ್ಯಾಬಿನ ಉಪಕರಣಗಳಿಗೆಲ್ಲ ಚೆಂಡುಹೂವು ಏರಿಸಿ ಪೂಜೆ ಮಾಡುವುದು ರೂಢಿ. ವರ್ಷ ವರ್ಷ ಹಚ್ಚಿದ ಕುಂಕುಮ ಆ ಪಟ್ಟಿಯ ಮೇಲೆ ಕಪ್ಪುಗೆಂಪಾಗಿ ಪದರಗಟ್ಟಿತ್ತು. ಹೊಸಬರು ನೋಡಿದರೆ ಪೆಟ್ಟಿಗೆಗೆ ಏನೋ ಪೆಟ್ಟಾಗಿ ರಕ್ತ ಒಸರಿದೆ ಎಂದುಕೊಳ್ಳಬೇಕು.

ನಮ್ಮ ಕೆಲಸ ಹೇಳಲಿಕ್ಕೆ ಸುಲಭ. ರೋಗಿಯ ಕೀವಿನಿಂದ ಬೆಳೆಸಿದ ರೋಗಾಣುವನ್ನು ಗಾಜಿನ ಪ್ಲೇಟಿನಲ್ಲಿ ಹೆಪ್ಪುಗಟ್ಟಿದ ಅಗಾರ್ ಎಂಬ ಲೋಳೆಯ ಮೇಲೆ, ಅಂಗಳಕ್ಕೆ ಸಾರಣೆ ಮಾಡಿದ ಹಾಗೆ ಬಳಿಯುವುದು. ಅದರ ಮೇಲೆ ಒಂದೊಂದು ಔಷಧದಲ್ಲಿ ನೆನೆಸಿದ ಕಾಗದದ ಬಿಲ್ಲೆಗಳನ್ನು ಇಡುವುದು. ಪ್ಲೇಟನ್ನು ಕಾವಿಗಿಟ್ಟು ಮರುದಿನ ನೋಡುವುದು. ರೋಗಾಣು ಮಂಜಿನಂತೆ ಎಲ್ಲ ಕಡೆ ಬೆಳೆದು, ಬಿಲ್ಲೆಯ ಸುತ್ತ ಮಾತ್ರ ಬೋಳು ಉಂಗುರ ಬಿಟ್ಟಿದ್ದರೆ ಅದು ಆ ಔಷಧಕ್ಕೆ ಸಾಯುತ್ತದೆ: ಸೆನ್ಸಿಟಿವ್. ಬಿಲ್ಲೆಯ ಬುಡದವರೆಗೂ ಬೆಳೆದಿದ್ದರೆ ಔಷಧಕ್ಕೆ ಸೊಪ್ಪು ಹಾಕಿಲ್ಲ: ರೆಸಿಸ್ಟೆಂಟ್. ಈ ಎರಡು ಶಬ್ದಗಳಲ್ಲಿ ಯಾವುದನ್ನು ನಾವು ಕಳಿಸುತ್ತೇವೋ ಅದನ್ನು ಮೇಲಿನ ವಾರ್ಡಿನ ಡಾಕ್ಟರರು ಶ್ರುತಿವಾಕ್ಯದಂತೆ ಸ್ವೀಕರಿಸುತ್ತಿದ್ದರು.

ಗುರುವಾರ ಬಂತೆಂದರೆ ಈ ವ್ಯವಸ್ಥೆಗೆ ಗ್ರಹಣ. ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗುತ್ತಿತ್ತು. ಒಳಗಿದ್ದ ಪ್ಲೇಟುಗಳು ಮೈಗಳ್ಳರಂತೆ ಬೆಳೆದು ಶುಕ್ರವಾರದವರೆಗೆ ಓದಲು ಬರುತ್ತಿರಲಿಲ್ಲ. ಸರ್ ಹಾಕಿಕೊಟ್ಟ ಪದ್ಧತಿ ಹೀಗೆ: ಗುರುವಾರದ ಪ್ಲೇಟಿನಲ್ಲಿ ಏನು ಕಂಡರೂ ನಂಬಬಾರದು; ಶುಕ್ರವಾರ ಮತ್ತೆ ಹೊಸದಾಗಿ ಹಚ್ಚಿ, ಸರಿಯಾದ ಮೂವತ್ತೇಳರಲ್ಲಿಟ್ಟು, ಶನಿವಾರ ಕಂಡದ್ದನ್ನೇ ರಿಪೋರ್ಟ್ ಮಾಡಬೇಕು. ಇಷ್ಟು ಶಿಸ್ತು ಬೇರೆ ಎಲ್ಲಿಯೂ ಇಲ್ಲವೆಂದು ನಮಗೆ ಹೆಮ್ಮೆ. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಬ್ರಹ್ಮೋಪದೇಶದ ಗಾಂಭೀರ್ಯದಲ್ಲಿ ಹೇಳಿಕೊಡುತ್ತಿದ್ದೆ.

ಇಂಥ ಲ್ಯಾಬಿಗೆ ಒಂದು ಮಳೆಗಾಲ ನನ್ನ ಭಾವನ ಕೀವು ಬಂತು.

ಭಾವ, ಅಂದರೆ ನನ್ನ ಅಕ್ಕನ ಗಂಡ, ದೌಂಡದಲ್ಲಿ ರೈಲ್ವೆ ಗಾರ್ಡ್. ಅರ್ಧ ಆಯುಷ್ಯ ಸೊಲ್ಲಾಪುರದ ದಾರಿಯಲ್ಲಿ ಗೂಡ್ಸ್ ಗಾಡಿಗಳ ಕೊನೆಯ ಡಬ್ಬಿಯಲ್ಲಿ ಕಳೆದು, ಒಂದು ತರಚುಗಾಯವನ್ನೂ ಮಾಡಿಕೊಳ್ಳದ ಮನುಷ್ಯ. ಅವರು ಪುಣೆಯ ಯೆರವಡಾದ ಬೀಗರಿಗೆ ಮುಂಜಿವೆಯ ಕರೆ ಕೊಡಲು ಬಂದಾಗ, ಅಲ್ಲಿಯ ಜೈಲಿನ ಗೋಡೆಯ ಬದಿಯಲ್ಲಿ ಒಂದು ಮೊಪೆಡ್ ಅವರನ್ನು ಕೆಡವಿತು. ತೊಡೆಯ ಎಲುಬು ಎರಡು ತುಂಡು. ನಮ್ಮ ಆಸ್ಪತ್ರೆಯ ಸರ್ಜನ್ ಎಲುಬಿನೊಳಗೆ ಉಕ್ಕಿನ ಸಲಾಕೆ ಹಾಕಿ ಕೂಡಿಸಿದರು. ನೋಡಲು ಬಂದವರಿಗೆಲ್ಲ ಭಾವ ಒಂದೇ ಮಾತು ಹೇಳುತ್ತಿದ್ದರು: "ಗಾಡಿ ಬಡದಿದ್ರ ಪೇಪರಿನ್ಯಾಗರೆ ಬರ್ತಿದ್ದೆ. ಮೊಪೆಡ್ ಬಡದದ ಅಂತ ಹ್ಯಾಂಗ ಹೇಳೂದು?"

ಎರಡನೆಯ ವಾರಕ್ಕೆ ಹೊಲಿಗೆಯ ಬದಿಯಿಂದ ಕೀವು ಸುರಿಯಲು ಸುರುವಾಯಿತು. ಜ್ವರ ಬಂತು. ಕೀವು ಲ್ಯಾಬಿಗೆ ಬಂತು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವ ಸ್ಟೆಫಿಲೊಕಾಕಸ್. ಮನೆಯಲ್ಲಿ ಕರೆಯುವ ಹೆಸರು ಸ್ಟೆಫ್. ಅದು ಎಲ್ಲರ ಚರ್ಮದ ಮೇಲೂ ಮೂಗಿನಲ್ಲೂ ಬಾಡಿಗೆ ಕೊಡದೆ ಇರುವ ಪ್ರಾಣಿ. ಗಾಯದೊಳಗೆ ಹೊಕ್ಕರೆ ಮಾತ್ರ ಮನೆಯ ಮಾಲಿಕನಂತೆ ವರ್ತಿಸುತ್ತದೆ. ನಮ್ಮ ಪ್ಲೇಟು ಸೆನ್ಸಿಟಿವ್ ಎಂದಿತು. ಕ್ಲಾಕ್ಸಾಸಿಲಿನ್ ಸುರುವಾಯಿತು. ಅದು ಸ್ಟೆಫ್‌ಗೆಂದೇ ಹುಟ್ಟಿದ ಔಷಧ. ಅದರ ಒಡಹುಟ್ಟಿದ ಆಕ್ಸಾಸಿಲಿನ್ ಬಿಲ್ಲೆಯನ್ನು ನಾವು ಪ್ಲೇಟಿನಲ್ಲಿಡುತ್ತಿದ್ದೆವು. ಒಂದಕ್ಕೆ ಬಗ್ಗಿದ್ದು ಇನ್ನೊಂದಕ್ಕೂ ಬಗ್ಗುತ್ತದೆ ಎಂಬ ಲೆಕ್ಕ.

ಜ್ವರ ಮಾತ್ರ ಬಗ್ಗಲಿಲ್ಲ. ದಿನಕ್ಕೆರಡು ಸಲ ಡ್ರೆಸ್ಸಿಂಗ್ ಟ್ರಾಲಿ ವಾರ್ಡಿನ ಆ ತುದಿಯಿಂದ ಹೊರಡುತ್ತಿತ್ತು. ಅದರ ಒಂದು ಚಕ್ರ ಸೊಟ್ಟ. ಕುಂಯ್ಯೋ ಎನ್ನುತ್ತ ಹಾಸಿಗೆಯಿಂದ ಹಾಸಿಗೆಗೆ ಬರುತ್ತಿತ್ತು. ಆ ಸದ್ದಿಗೆ ಇಡೀ ವಾರ್ಡು ಮಾತು ನಿಲ್ಲಿಸುತ್ತಿತ್ತು. ಭಾವನ ಕಾಲು ಬಿಚ್ಚಿ, ತೊಳೆದು, ಕಟ್ಟಿ, ಟ್ರಾಲಿ ಪಕ್ಕದ ಹಾಸಿಗೆಗೆ ಹೋಗುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಕುರಕುಂಭದ ಕೆಮಿಕಲ್ ಕಾರಖಾನೆಯ ಒಬ್ಬ ಫಿಟ್ಟರ್, ನಡುವಯಸ್ಸಿನವ. ಪೈಪು ಬಿದ್ದು ಮೊಣಕಾಲ ಕೆಳಗೆ ಮುರಿದುಕೊಂಡು ಬಂದಿದ್ದ. ಬಂದಾಗ ಗಾಯ ಸ್ವಚ್ಛವಿತ್ತು. ದೌಂಡ, ಕುರಕುಂಭ ಎಂದರೆ ಅಕ್ಕಪಕ್ಕದ ಊರು. ಇಬ್ಬರೂ ಮರಾಠಿಯಲ್ಲಿ ಊರ ಕಬ್ಬು, ಊರ ವಾಸನೆಗಳ ಬಗ್ಗೆ ಮಾತಾಡುತ್ತ ಇಸ್ಪೀಟು ಆಡುತ್ತಿದ್ದರು. ಅವನು ಇವರನ್ನು 'ಗಾರ್ಡಸಾಹೇಬ' ಎನ್ನುತ್ತಿದ್ದ. ಇವರು ಅವನನ್ನು 'ಪಾವ್ಣಂ', ಅಂದರೆ ಬೀಗ, ಎನ್ನುತ್ತಿದ್ದರು. ಕೆಲ ದಿನಗಳಲ್ಲಿ ಅವನಿಗೂ ಕೀವಾಯಿತು. ನಮ್ಮ ಲ್ಯಾಬು ಅವನಿಗೂ ಸೆನ್ಸಿಟಿವ್ ಎಂದು ಶ್ರುತಿವಾಕ್ಯ ಕಳಿಸಿತು.

ಒಂದು ಬುಧವಾರ ಸರ್ಜನ್ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಎದುರಿನವರ ಕೋಟಿನ ಗುಂಡಿ ನೋಡುತ್ತಿದ್ದರು. ಅಂದು ನನ್ನ ಗುಂಡಿ ನೋಡಿದರು.

"ನಿಮ್ಮ ರಿಪೋರ್ಟಿನ ಪ್ರಕಾರ ಔಷಧ ಸರಿ ಇದೆ. ಸರಿಯಾದ ಔಷಧ ಕೊಟ್ಟೂ ಕೀವು ನಿಲ್ಲುತ್ತಿಲ್ಲವೆಂದರೆ ಒಳಗೆ ಎಲುಬು ಸತ್ತಿದೆ ಎಂದರ್ಥ. ಇನ್ನು ಕಾದರೆ ಜೀವಕ್ಕೆ ಬರುತ್ತದೆ. ಮಂಗಳವಾರ ತೆಗೆದುಬಿಡೋಣ."

"ಸಲಾಕೆನಾ?"

"ಕಾಲು," ಎಂದರು. ಆಮೇಲೆ ನನ್ನ ಎರಡನೆಯ ಗುಂಡಿ ನೋಡಿ, "ನಿನ್ನೆ ಇನ್ನೊಮ್ಮೆ ಸ್ಯಾಂಪಲ್ ಕಳಿಸಿದ್ದೇನೆ. ಏನಾದರೂ ಬೇರೆ ಬಂದರೆ ಹೇಳಿ," ಎಂದರು.

ಅಕ್ಕನಿಗೆ ಹೇಳಿದೆ. ಅವಳು ದತ್ತನ ಗುರುವಾರ ಮಾಡುವವಳು. ಮರುದಿನದ ಉಪವಾಸಕ್ಕೆ ಅವತ್ತೇ ಸುರು ಮಾಡಿಬಿಟ್ಟಳು. "ನಿಮ್ಮದ ದವಾಖಾನಿ, ನೀನ ಪರೀಕ್ಷಾ ಮಾಡಾಂವ. ನೀ ಇದ್ದೂ ಕಾಲು ತಗೀತಾರ ಅಂದ್ರ ಹ್ಯಾಂಗೋ ತಮ್ಮಾ?" ಎಂದು ಕೇಳಿದಳು. ಪರೀಕ್ಷೆ ಮಾಡುವುದೆಂದರೆ ಪಾಸು ಮಾಡಿಸುವುದು ಎಂದೇ ಅವಳು ತಿಳಿದಿದ್ದಳೇನೋ. ಭಾವನ ಚಿಂತೆ ಬೇರೆ. ಕಾಲಿಲ್ಲದ ಗಾರ್ಡನನ್ನು ರೈಲ್ವೆಯವರು ಗಾಡಿ ಹತ್ತಿಸುವುದಿಲ್ಲ. "ನಿಂತ ಮನುಷ್ಯಾಗ ಹಸಿರು ಬಾವುಟ ತೋರಸೂದು ಬರ್ತದ. ಕುಂತು ಏನ್ ತೋರಸ್ಲಿ?" ಎಂದು ಗೋಡೆಯ ಕಡೆ ಹೊರಳಿದರು.

ಬುಧವಾರ ಸಂಜೆ ಹಚ್ಚಿದ ಪ್ಲೇಟು ಗುರುವಾರದ ಗ್ರಹಣದಲ್ಲಿ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಎಂದಿನಂತೆ ಕಪ್ಪು ಬಟ್ಟೆಯ ಮೇಲೆ ಇಟ್ಟು ನೋಡಿದರೆ ಉಂಗುರ ಚೆನ್ನಾಗಿಯೇ ಇತ್ತು. ಏನನ್ನಿಸಿತೋ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಆಕ್ಸಾಸಿಲಿನ್ ಬಿಲ್ಲೆಯ ಬೋಳು ಉಂಗುರದೊಳಗೆ, ಯಾರೋ ಉಪ್ಪಿನ ಪುಡಿ ಉದುರಿಸಿದ ಹಾಗೆ, ಇದೆಯೋ ಇಲ್ಲವೋ ಎನ್ನುವಂಥ ಚುಕ್ಕೆಗಳು.

ಪದ್ಧತಿ ಎಂದರೆ ಪದ್ಧತಿ. ಗುರುವಾರದ ಪ್ಲೇಟನ್ನು ನಂಬಬಾರದು. ಮತ್ತೆ ಹಚ್ಚಿದೆ, ಮೂವತ್ತೇಳರಲ್ಲಿಟ್ಟೆ. ಶನಿವಾರ ಬೆಳಿಗ್ಗೆ ತೆಗೆದು ಕಿಟಕಿಗೆ ಹಿಡಿದರೆ ಉಂಗುರ ಹುಣ್ಣಿಮೆಯ ಚಂದ್ರನ ಹಾಗೆ ನಿರ್ಮಲ. ಸರ್ ಶಾಯಿ ಇದ್ದ ಪೆನ್ನು ತೆಗೆದು ಸಹಿ ಹಾಕಿದರು. ಸೆನ್ಸಿಟಿವ್.

ಮಧ್ಯಾಹ್ನ ವಾರ್ಡಿಗೆ ಹೋದೆ. ಇಬ್ಬರೂ ಇಸ್ಪೀಟು ಹಿಡಿದಿದ್ದರು. ಫಿಟ್ಟರ್‌ನ ಮುಖ ಕೆಂಪಾಗಿತ್ತು. ಕೈಯಲ್ಲಿಯ ಎಲೆಗಳು ತುಸು ನಡುಗುತ್ತಿದ್ದವು.

"ಏನು ಬಂತೋ ಡಾಕ್ಟರಾ, ನನ್ನ ಕಾಲಿನ ಜಾತಕ?" ಎಂದರು ಭಾವ.

"ಸೆನ್ಸಿಟಿವ್ ಬಂದದ್ರಿ. ಔಷಧ ಸರಿ ಅದ ಅಂತ."

"ಮತ್ತ ನಿನ್ನ ಮಾರಿ ಯಾಕ ಹಿಂಗ ಅದ? ಲೇಟ್ ಗಾಡಿ ಅನೌನ್ಸ್ ಮಾಡಾಂವನಂಗ?"

ಹೇಳಬೇಕೆಂದಿರಲಿಲ್ಲ, ಹೇಳಿದೆ. ಗುರುವಾರದ ಪ್ಲೇಟಿನಲ್ಲಿ ಚುಕ್ಕೆ ಕಂಡದ್ದು, ಮತ್ತೆ ಹಚ್ಚಿದಾಗ ಕಾಣದೇ ಹೋದದ್ದು, ನಮ್ಮ ಪದ್ಧತಿ, ಎಲ್ಲ. ಭಾವ ಎಲೆಗಳನ್ನು ಎದೆಯ ಮೇಲೆ ಮಗುಚಿ ಇಟ್ಟರು.

"ಅಂದ್ರ ಒಂದ ಕಂಬದಾಗ ಒಮ್ಮೆ ಕೆಂಪು ಕಾಣ್ತು, ಒಮ್ಮೆ ಹಸಿರು ಕಾಣ್ತು. ನೀವು ಹಸಿರು ನಂಬಿದ್ರಿ."

"ಹಂಗಲ್ರಿ ಭಾವಾ. ಗುರುವಾರ ಕರೆಂಟ ಇದ್ದಿದ್ದಿಲ್ಲ."

"ಅದನ ಹೇಳಾಕತ್ತೀನಿ. ನಮ್ಮಲ್ಲಿ ಸಿಗ್ನಲ್ಲಿನ ದೀಪ ಆರಿದ್ರ ಕೆಂಪು ಅಂತ ತಿಳೀಬೇಕು, ಗಾಡಿ ನಿಂದ್ರಸ್ಬೇಕು. ನಿಮ್ಮಲ್ಲಿ ದೀಪ ಆರಿದ್ರ ಹಸಿರು ಅಂತ ತಿಳದು ಓಡಸ್ತೀರಿ. ಛಲೋ ಅದ. ಪುಣ್ಯಾ, ನಿಮ್ಮ ಕೈಯಾಗ ರೈಲ್ವೆ ಕೊಟ್ಟಿಲ್ಲ."

"ಗಾರ್ಡಸಾಹೇಬ, ಪತ್ತೆ ವಾಟಾ," ಎಂದ ಫಿಟ್ಟರ್. ಎಲೆ ಹಂಚಿ ಎಂದು. ಭಾವ ಹಂಚಿದರು.

ನನಗೆ ಸಿಟ್ಟು ಬಂತು. ಉತ್ತರ ಹೊಳೆಯದಿದ್ದಾಗ ನನಗೆ ಬರುವುದು ಅದೊಂದೇ. ಮೆಟ್ಟಿಲು ಇಳಿಯುತ್ತ ಮನಸ್ಸಿನಲ್ಲೇ ವಾದ ಹೂಡಿದೆ. ರೈಲು ಬೇರೆ, ರೋಗಾಣು ಬೇರೆ. ತಣ್ಣಗಾದ ಪೆಟ್ಟಿಗೆಯಲ್ಲಿ ಬೆಳೆ ಕಡಿಮೆಯಾಗುತ್ತದೆ, ಅದಕ್ಕೇ ಆ ಪ್ಲೇಟನ್ನು ನಂಬುವುದಿಲ್ಲ. ಅಲ್ಲಿಗೆ ಬಂದು ಕಾಲು ನಿಂತಿತು. ತಣ್ಣಗಾದರೆ ಬೆಳೆ ಕಡಿಮೆಯಾಗಬೇಕು. ಇಲ್ಲಿ ಬೆಳೆಯಬಾರದ ಜಾಗದಲ್ಲಿ ಬೆಳೆದಿತ್ತು. ಹೊರಗಿನ ಕಸ ಬಿದ್ದಿದ್ದರೆ ಪ್ಲೇಟಿನ ತುಂಬ ಬೀಳಬೇಕಿತ್ತು. ಉಳಿದ ಬಿಲ್ಲೆಗಳ ಉಂಗುರಗಳು ಸ್ವಚ್ಛವಿದ್ದವು. ಆ ಒಂದರೊಳಗೆ ಮಾತ್ರ ಉಪ್ಪು.

ನಮ್ಮ ಸ್ಟೋರ್ ರೂಮಿನಲ್ಲಿ ಒಂದು ಮುದಿ ಇನ್‌ಕ್ಯುಬೇಟರ್ ಇತ್ತು. ಏನು ಮಾಡಿದರೂ ಮೂವತ್ತಮೂರರ ಮೇಲೆ ಏರಲು ಒಪ್ಪದೆ ಸೇವೆಯಿಂದ ನಿವೃತ್ತಿ ಹೊಂದಿದ್ದು. ಮಳೆಗಾಲದಲ್ಲಿ ಲ್ಯಾಬಿನವರು ಅದರೊಳಗೆ ಕಾಲುಚೀಲ ಒಣಗಿಸುತ್ತಿದ್ದರು. ಕಾಲುಚೀಲಗಳನ್ನು ಗೌರವಪೂರ್ವಕವಾಗಿ ಹೊರಗಿಟ್ಟು, ಸ್ಪಿರಿಟಿನಿಂದ ಒರೆಸಿ, ಅದಕ್ಕೆ ಮರಳಿ ಪದವಿ ಕೊಟ್ಟೆ. ಭಾವನ ಸ್ಟೆಫ್, ಫಿಟ್ಟರ್‌ನ ಸ್ಟೆಫ್, ಒಬ್ಬೊಬ್ಬರದು ಎರಡೆರಡು ಪ್ಲೇಟು. ಒಂದು ಜೊತೆ ಸರ್ ಅವರ ಗರ್ಭಗುಡಿಗೆ, ಒಂದು ಜೊತೆ ಮುದುಕನಿಗೆ.

ಭಾನುವಾರ ಲ್ಯಾಬು ಖಾಲಿ. ಹೊರಗೆ ಜಿಟಿಜಿಟಿ ಮಳೆ. ನಾಲ್ಕು ಪ್ಲೇಟನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಒಂದೊಂದೇ ಎತ್ತಿದೆ. ಗರ್ಭಗುಡಿಯ ಎರಡೂ ನಿರ್ಮಲ, ಎರಡು ಹುಣ್ಣಿಮೆ. ಮುದುಕನ ಎರಡರಲ್ಲೂ ಉಪ್ಪು. ಈ ಸಲ ಇದೆಯೋ ಇಲ್ಲವೋ ಎನ್ನುವಂತಿರಲಿಲ್ಲ. ಇತ್ತು.

ಅರ್ಥ ಇಷ್ಟೇ. ಈ ರೋಗಾಣುಗಳ ಸಂತೆಯಲ್ಲಿ ಔಷಧಕ್ಕೆ ಜಗ್ಗದ ಬಂಡುಕೋರರು ಸಾವಿರಕ್ಕೊಬ್ಬರೋ ಇನ್ನೂ ಕಡಿಮೆಯೋ ಇರುತ್ತಾರೆ. ಅವರು ಸಾವಕಾಶದ ಮಂದಿ. ತುಸು ತಂಪು ಬೇಕು, ಪೂರಾ ಒಂದು ದಿನದ ಪುರಸತ್ತು ಬೇಕು, ಆಗ ಮುಖ ತೋರಿಸುತ್ತಾರೆ. ನಾವು ಬಿಸಿ ಪೆಟ್ಟಿಗೆಯಲ್ಲಿಟ್ಟು, ರಾತ್ರಿ ಕಳೆಯುತ್ತಲೇ ಬಾಗಿಲು ತೆರೆದು, ಯಾರೂ ಇಲ್ಲ ಎಂದು ಬರೆದುಕೊಂಡು ಬರುತ್ತಿದ್ದೆವು. ವಾರದಲ್ಲಿ ಒಂದೇ ದಿನ, ಕರೆಂಟಿನ ದಯೆಯಿಂದ, ಅವರು ತಾವಾಗಿ ಹೊರಗೆ ಬಂದು ನಿಲ್ಲುತ್ತಿದ್ದರು. ಆ ಒಂದು ದಿನದ ಸಾಕ್ಷಿಯನ್ನು ಶುಕ್ರವಾರ ಶಿಸ್ತಿನಿಂದ ಅಳಿಸುವುದಕ್ಕೆ ನಮ್ಮಲ್ಲಿ ಪದ್ಧತಿ ಇತ್ತು.

ಭಾವನಿಗೆ ಹೇಳೋಣವೆಂದು ಮೇಲೆ ಓಡಿದೆ. ಪಕ್ಕದ ಹಾಸಿಗೆ ಖಾಲಿ. ಗಾದಿ ಸುತ್ತಿ ತಲೆಗಡೆ ಇಟ್ಟಿದ್ದರು. ಕಬ್ಬಿಣದ ಪಟ್ಟಿಗಳ ಮೇಲೆ ಫಿನೈಲು ಇನ್ನೂ ಹಸಿ.

"ನಿನ್ನೆ ಸಂಜೀಕ ಜ್ವರ ಏರಿತು," ಎಂದರು ಭಾವ. "ಐಸಿಯುಕ್ಕ ಒಯ್ದರು. ಮುಂಜಾನೆ ಅವನ ತಮ್ಮ ಬಂದು ಡಬ್ಬಿ ಚೀಲ ತಗೊಂಡು ಹೋದ. ನನಗ ಕೈ ಮುಗದಾ." ಅವರ ದಿಂಬಿನ ಬದಿಯಲ್ಲಿ ಹಿಂದಿನ ದಿನದ ಎಲೆಗಳು ಇನ್ನೂ ಮಗುಚಿದ್ದವು. "ಅವಂದ ಎಲಿ ಗೆಲ್ಲೂವಂಥಾವು ಇದ್ವು ನೋಡು. ಬಿಟ್ಟು ಹ್ವಾದಾ."

ಆಗ ವಾರ್ಡಿನ ಆ ತುದಿಯಿಂದ ಕುಂಯ್ಯೋ ಎಂದಿತು. ಇಬ್ಬರೂ ಅತ್ತ ತಿರುಗಿದೆವು. ಒಂದೇ ಟ್ರಾಲಿ, ಒಂದೇ ಬೋಗುಣಿ, ಒಂದೇ ಇಕ್ಕಳ. ಭಾವನ ಹಾಸಿಗೆಯಿಂದ ಅದು ಮುಂದೆ ಹೋಗುತ್ತಿದ್ದದ್ದು ಆ ಖಾಲಿ ಹಾಸಿಗೆಗೇ.

ಸೋಮವಾರ ಬೆಳಿಗ್ಗೆ ಸರ್ ಬರುವುದಕ್ಕೆ ಮುಂಚೆ ಅವರ ಮೇಜಿನ ಮೇಲೆ ನಾಲ್ಕು ಪ್ಲೇಟು ಇಟ್ಟುಕೊಂಡು ನಿಂತಿದ್ದೆ. ಅವರು ಕನ್ನಡಕ ಒರೆಸಿ, ಕಿಟಕಿಗೆ ಹೋಗಿ, ಒಂದೊಂದನ್ನೂ ತಿರುಗಿಸಿ ನೋಡಿದರು.

"ಅರೇ ಬಾಬಾ, ಇದು ಕಾಲುಚೀಲದ ಪೆಟ್ಟಿಗೆಯಲ್ಲಿ ಬೆಳೆದದ್ದಲ್ಲವೇ?"

"ಹೌದು ಸರ್."

"ಮನುಷ್ಯನ ಮೈ ಎಷ್ಟು ಡಿಗ್ರಿ, ಡಾಕ್ಟರ್?"

"ಮೂವತ್ತೇಳು."

"ರೋಗಾಣು ಇರುವುದು ಮನುಷ್ಯನ ಮೈಯಲ್ಲಿ. ಮೂವತ್ತೇಳರಲ್ಲಿ ಔಷಧಕ್ಕೆ ಅದು ಸಾಯುತ್ತಿದ್ದರೆ, ಮೂವತ್ತಮೂರರಲ್ಲಿ ಏನು ಮಾಡುತ್ತದೆ ಎಂಬುದು ನನಗೇಕೆ?"

ಇದು ಹುಡುಗಾಟದ ವಾದವಲ್ಲ. ಇಂದಿಗೂ ಯಾರಾದರೂ ಅದನ್ನು ಹೂಡಿದರೆ ಮೊದಲು ಒಂದು ಕ್ಷಣ ನಾನು ತಲೆದೂಗುತ್ತೇನೆ. ಅಂದು ನನ್ನ ಬಳಿ ಪುಸ್ತಕದ ಉತ್ತರ ಇರಲಿಲ್ಲ. ಮೂವತ್ತೇಳಕ್ಕಿಂತ ತಗ್ಗಿಸಿ ಪೂರಾ ಒಂದು ದಿನ ಇಡಬೇಕೆಂದು ಹೊರಗಿನ ಪ್ರಪಂಚದವರು ಬರೆದಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ನಮ್ಮ ಲ್ಯಾಬಿನ ಪುಸ್ತಕ ನಮ್ಮ ಇನ್‌ಕ್ಯುಬೇಟರ್‌ಗಿಂತ ಹಿರಿಯದು. ನನ್ನ ಬಳಿ ಇದ್ದದ್ದು ಒಂದೇ.

"ಸರ್, ಈ ಎರಡು ಪ್ಲೇಟು ಕುರಕುಂಭದ ಫಿಟ್ಟರ್‌ನವು. ಮೂವತ್ತೇಳರದ್ದು ಸ್ವಚ್ಛ ಇದೆ. ಅವನಿಗೆ ಅದೇ ಔಷಧ ನಡೆದಿತ್ತು. ಅವನ ಮೈಯೂ ಮೂವತ್ತೇಳೇ ಇತ್ತು. ನಿನ್ನೆ ಬೆಳಿಗ್ಗೆಯವರೆಗೆ."

ಸರ್ ಪ್ಲೇಟನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಇಳಿಸಿದರು. ಆಮೇಲೆ ಇನ್‌ಕ್ಯುಬೇಟರ್‌ನ ಎದುರಿಗೆ ಹೋಗಿ ಮೊಣಕಾಲೂರಿ ಕೂತು, ಕುಂಕುಮ ಮೆತ್ತಿದ ಆ ಅಂಟುಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದು ಎಬ್ಬಿಸತೊಡಗಿದರು. ಹಳೆಯ ಪಟ್ಟಿ, ಸುಲಭಕ್ಕೆ ಬರಲಿಲ್ಲ. ಚೂರು ಚೂರಾಗಿ ಕಿತ್ತು ಬಂತು. ಗಾಯದ ಪಟ್ಟಿ ಬಿಚ್ಚುವಾಗ ರೋಗಿಗಳು ಮಾಡುವ ಮುಖವನ್ನು ಅಂದು ಅವರು ಮಾಡಿದರು.

"ಸರ್ಜನ್‌ಗೆ ಫೋನು ಹಚ್ಚಿ," ಎಂದರು. "ರಿಪೋರ್ಟ್ ತಪ್ಪಾಗಿದೆ ಎಂದು ಹೇಳಿ. ಬೇಡ, ತಡೆಯಿರಿ. ನಾನೇ ಹೇಳುತ್ತೇನೆ."

ಮಂಗಳವಾರದ ಆಪರೇಶನ್ನುಗಳಲ್ಲಿ ಭಾವನ ಸರದಿ ತೆಗೆದು, ಕ್ಲಾಕ್ಸಾಸಿಲಿನ್ ನಿಲ್ಲಿಸಿ ವ್ಯಾಂಕೊಮೈಸಿನ್ ಸುರು ಮಾಡಿದರು. ಹಟಮಾರಿ ಸ್ಟೆಫ್‌ಗೆ ಆಗ ಉಳಿದಿದ್ದ ಕೊನೆಯ ಅಸ್ತ್ರವೆಂದರೆ ಅದೇ. ಇತ್ತ ಲ್ಯಾಬಿನಲ್ಲಿ ಸರ್ ಆ ವಾರ್ಡಿನ ಎಲ್ಲರ ಸ್ಟೆಫನ್ನು ಮುದಿ ಪೆಟ್ಟಿಗೆಯಲ್ಲಿ ಮತ್ತೆ ಬೆಳೆಸಿದರು. ಮರುದಿನ ಕಿಟಕಿಯ ಕಟ್ಟೆಯ ಮೇಲೆ ಪ್ಲೇಟುಗಳ ಸಾಲು. ಸರ್ ಒಂದೊಂದೇ ಎತ್ತಿ, "ಇದೆ" ಎನ್ನುತ್ತ ಇಡುತ್ತ ಹೋದರು. ಇದೆ. ಇದೆ. ಸಾಲಿನ ನಡುವೆ ಎಲ್ಲೋ ಅವರು ಹೇಳುವುದನ್ನು ನಿಲ್ಲಿಸಿದರು. ಎತ್ತುವುದು, ಇಡುವುದು ಮಾತ್ರ ನಡೆಯಿತು. ಹಿಂದಿನ ಎಷ್ಟು ಶುಕ್ರವಾರಗಳು ಎಂದು ನಾನು ಕೇಳಲಿಲ್ಲ. ಆ ಪದ್ಧತಿ ನಾನು ಸೇರುವ ಮೊದಲೇ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ನನಗೆ ಕಲಿಸಿದವರು ಅವರು. ನನ್ನ ನಂತರದವರಿಗೆ ಕಲಿಸಿದವನು ನಾನು.

ಭಾವನ ಜ್ವರ ಸಾವಕಾಶ ಇಳಿಯಿತು. ಸಲಾಕೆ ಹೋಯಿತು, ಕಾಲು ಉಳಿಯಿತು. ಒಂದಿಷ್ಟು ಗಿಡ್ಡ, ಮೊಣಕಾಲು ಬಾಗದು. ಅಕ್ಕನ ತೀರ್ಮಾನ ಸ್ಪಷ್ಟ: ಗುರುವಾರ ಕಂಡಿತೆಂದರೆ ತೋರಿಸಿದವನು ದತ್ತ. ಕರೆಂಟಿನವರಿಗೂ ದತ್ತನಿಗೂ ಇರುವ ಒಳ ಒಪ್ಪಂದವನ್ನು ಅಲ್ಲಗಳೆಯಲು ನನ್ನ ಬಳಿ ಪುರಾವೆ ಇರಲಿಲ್ಲ. ರೈಲ್ವೆಯವರು ಭಾವನನ್ನು ಗಾಡಿಯಿಂದ ಇಳಿಸಿ ದೌಂಡದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. "ಈಗ ನಾನೂ ನಿಮ್ಮಂಗ," ಎಂದರು. "ಗಾಡಿ ಎಲ್ಲಿ ಅದ ಅಂತ ನೋಡದನ, ಬರ್ತದ ಅಂತ ಹೇಳ್ತೀನಿ."

ಕಾಲ ಓಡಿತು. ಸರ್ ನಿವೃತ್ತರಾದರು, ಹೋಗುವಾಗ ನನಗೆ ಒಂದು ಪೆನ್ನು ಕೊಟ್ಟರು. ಯಾವುದು ಎಂದು ಹೇಳಬೇಕಿಲ್ಲ. ಎರಡು ಸಾವಿರದ ನಂತರದ ವರ್ಷಗಳಲ್ಲಿ ಸೆಫಾಕ್ಸಿಟಿನ್ ಎಂಬ ಹೊಸ ಬಿಲ್ಲೆ ಬಂತು. ಅದು ಬಂಡುಕೋರರನ್ನು ಕೆಣಕಿ ಎಬ್ಬಿಸುತ್ತದೆ. ಉಪ್ಪಿನ ಚುಕ್ಕೆ ಹುಡುಕುವ ಕಷ್ಟವಿಲ್ಲ, ಕಣ್ಣು ಮಂಜಾದವರಿಗೂ ಕಾಣುತ್ತದೆ. ಜನರೇಟರ್ ದೊಡ್ಡದಾಗಿ ನಮ್ಮ ಕಡೆಗೂ ಕಣ್ಣು ಹಾಯಿಸಿತು. ಆಗ ನಾನೇ ಮೊದಲನೆಯವ. ಗುರುವಾರವನ್ನು ಎಲ್ಲರೂ ಮರೆತರು.

ಭಾವನ ಎಲುಬು ಮರೆತಿರಲಿಲ್ಲ. ಹತ್ತಾರು ವರ್ಷ ಎಲುಬಿನ ಸಂದಿಯಲ್ಲಿ ಮಲಗಿದ್ದದ್ದು ಒಂದು ಮಳೆಗಾಲ ಎದ್ದು ಕೂತಿತು. ಹಳೆಯ ಕಲೆ ಬಾಯಿ ಬಿಟ್ಟಿತು. ಅಕ್ಕ ಅವರನ್ನು ದೌಂಡದಿಂದ ಕರೆದುಕೊಂಡು ಬಂದಳು. ಅದೇ ವಾರ್ಡು, ಬೇರೆ ಸರ್ಜನ್. ಹೊಸ ಬಿಲ್ಲೆ ಮರುದಿನವೇ ಕೆಂಪು ತೋರಿಸಿತು: ರೆಸಿಸ್ಟೆಂಟ್. ವ್ಯಾಂಕೊಮೈಸಿನ್ ಬಿಲ್ಲೆಯ ಸುತ್ತ ಮಾತ್ರ ಬೋಳು ಉಂಗುರ, ನಿರ್ಮಲ. ಸೆನ್ಸಿಟಿವ್. ಕೊಟ್ಟರು. ಜ್ವರ ಇಳಿಯಲಿಲ್ಲ.

"ನಿಮ್ಮ ರಿಪೋರ್ಟಿನ ಪ್ರಕಾರ ಔಷಧ ಸರಿ ಇದೆ, ಸರ್," ಎಂದರು ಆ ಹೊಸ ಸರ್ಜನ್. ಅವರು ನನ್ನ ಮುಖ ನೋಡಿಯೇ ಹೇಳಿದರು; ಗುಂಡಿ ನಾನೇ ನೋಡಿಕೊಂಡೆ.

ಆ ಉಂಗುರವನ್ನು ಕಿಟಕಿಗೆ ಹಿಡಿದು ಎಷ್ಟು ತಿರುಗಿಸಿದರೂ ಒಂದು ಚುಕ್ಕೆ ಕಾಣಲಿಲ್ಲ. ಇಷ್ಟು ಚೆಂದದ ಉಂಗುರವನ್ನು ಹಿಂದೆ ಎಲ್ಲಿ ನೋಡಿದ್ದೆ ಎಂಬುದು ನೆನಪಿಗೆ ಬಂದು, ಪ್ಲೇಟು ಕೆಳಗಿಟ್ಟೆ. ಬಿಲ್ಲೆಯನ್ನು ಬಿಟ್ಟು ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿದೆ. ಒಂದರಿಂದ ಒಂದಕ್ಕೆ ಔಷಧ ಹೆಚ್ಚು, ಎಲ್ಲದರಲ್ಲೂ ಭಾವನ ಸ್ಟೆಫ್. ಪೂರಾ ದಿನ ಕಾದೆ. ತಿಳಿಯಾಗಿ ಇರಬೇಕಿದ್ದ ಟ್ಯೂಬೂ ತುಸು ಮಬ್ಬಾಗಿತ್ತು, ಅದರ ಮುಂದಿನದೂ; ಮಬ್ಬು ಎಂದರೆ ಬೆಳೆ. ಪೂರಾ ಬಂಡಾಯವೇನಲ್ಲ. ಔಷಧ ಹೇಳಿದ ಮಾತನ್ನು ಕೇಳಿಸಿಕೊಂಡೂ ಕೇಳದವರ ಹಾಗೆ ಇರುವುದನ್ನು ಅದು ಕಲಿತಿತ್ತು. ಕೊನೆಯ ಅಸ್ತ್ರದ ಎದುರಿಗೆ.

ಸಂಜೆ ಭಾವನ ಹತ್ತಿರ ಕೂತು ಹೇಳಿದೆ.

"ಕೆಂಪೋ, ಹಸಿರೋ?" ಎಂದರು.

"ಬಿಲ್ಲಿ ಹಸಿರು ಅಂತದ್ರಿ. ನಾ ನಂಬಂಗಿಲ್ಲ. ಹಳದಿ ಅಂತ ತಿಳೀರಿ."

"ಹಳದಿ ಅಂದ್ರ ಏನ್ ಗೊತ್ತದೇನು ನಿನಗ? ಮುಂದಿನ ಸಿಗ್ನಲ್ಲಿಗೆ ನಿಂದರಾಕ ತಯಾರಾಗು ಅಂತ." ಬಾಗದ ಮೊಣಕಾಲನ್ನು ಅಂಗೈಯಿಂದ ಒಮ್ಮೆ ಸವರಿದರು, ಹಳೆಯ ನಾಯಿಯನ್ನು ಸವರಿದ ಹಾಗೆ. "ಭಾಳ ವರ್ಷ ಲೇಟ್ ಓಡಿದ ಗಾಡಿ ಇದು. ಸಾಕು. ತಗೀಲಿಕ್ಕೆ ಹೇಳು. ಈ ಸಲ ಕೆಂಪು ನೋಡಿದಾಂವ ನಾನು, ನೀ ಅಲ್ಲ. ನಿಮ್ಮಕ್ಕಗೂ ಹಂಗ ಹೇಳು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹೇಳಬೇಕಾಗಲಿಲ್ಲ.

ಆಪರೇಶನ್ ಆದ ಮೂರನೆಯ ದಿನ ಹೋದಾಗ ಜ್ವರ ಇಳಿದಿತ್ತು. ಭಾವ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆಯ ಕೆಳಗೆ ಒಂದು ಕಡೆ ಮೈ ಸಪಾಟಾಗಿ ಮುಗಿದಿತ್ತು. ಮಾತಾಡುತ್ತಿದ್ದಂತೆ ಏಕಾಏಕಿ ಡ್ರೆಸ್ಸಿಂಗ್ ಟ್ರಾಲಿ ನನ್ನ ಮೊಣಕೈಗೆ ತಾಗಿತು. ಬೆಚ್ಚಿ ಎದ್ದೆ. ಹೊಸ ಟ್ರಾಲಿ, ಥಳಥಳ ಸ್ಟೀಲು, ರಬ್ಬರಿನ ಚಕ್ರ. ನರ್ಸಮ್ಮ ಪಟ್ಟಿ ಬಿಚ್ಚಿ, ತೊಳೆದು, ಕಟ್ಟಿ, ಪಕ್ಕದ ಹಾಸಿಗೆಯ ಕಡೆಗೆ ಅದನ್ನು ತಳ್ಳಿದಳು.

"ಹಳೇದ ಛಲೋ ಇತ್ತು ನೋಡು," ಎಂದರು ಭಾವ, ಅದು ಹೋದ ದಿಕ್ಕನ್ನೇ ನೋಡುತ್ತ. "ಬರೂದು ಕೇಳಸ್ತಿತ್ತು."